ಉಪ್ಪುನೀರಿನ ಅಕ್ವೇರಿಯಂನಲ್ಲಿ ಮೀನು ಸೊರಗಿದಾಗ: ಲಕ್ಷಣ ನೋಡಿ ಕಾರಣ ಹುಡುಕುವ ಕೈಪಿಡಿ

ನಿನ್ನೆಯವರೆಗೆ ಗಾಜಿನ ಬಳಿ ಬಂದು ಆಹಾರಕ್ಕೆ ಕಾಯುತ್ತಿದ್ದ ಮೀನು ಇಂದು ಬಂಡೆಯ ಹಿಂದೆ ನಿಂತು ಬಿರುಸಾಗಿ ಕಿವಿರು ಬಡಿಯುತ್ತಿದ್ದರೆ, ಸಾಕಿದವರ ಕೈ ಮೊದಲು ಹೋಗುವುದು ಔಷಧಿಯ ಬಾಟಲಿಯ ಕಡೆಗೆ. ಹಾಗೆ ಅವಸರದಲ್ಲಿ ಸುರಿದ ಔಷಧಿ ಎಷ್ಟೋ ಸಲ ಮೂಲ ದೋಷವನ್ನು ಮುಚ್ಚಿಟ್ಟು, ಅದರ ಮೇಲೆ ಇನ್ನೊಂದನ್ನು ಸೇರಿಸುತ್ತದೆ. ಕಡಲ ಮೀನಿನ ರಕ್ತದಲ್ಲಿರುವ ಲವಣದ ಪ್ರಮಾಣ ಸುತ್ತಲಿನ ನೀರಿನದರ ಸುಮಾರು ಮೂರನೆಯ ಒಂದು ಭಾಗ ಮಾತ್ರ. ಹೀಗಾಗಿ ಅದರ ಮೈಯಲ್ಲಿರುವ ನೀರು ಮುಖ್ಯವಾಗಿ ಕಿವಿರಿನ ಮೂಲಕ ಎಡೆಬಿಡದೆ ಹೊರಗೆ ಸೋರುತ್ತಿರುತ್ತದೆ. ಆ ನಷ್ಟವನ್ನು ತುಂಬಿಕೊಳ್ಳಲು ಅದು ಉಪ್ಪುನೀರನ್ನೇ ಕುಡಿದು, ಹೆಚ್ಚಾದ ಉಪ್ಪನ್ನು ಮತ್ತೆ ಕಿವಿರಿನಿಂದಲೇ ಹೊರಗೆ ತಳ್ಳಬೇಕು. ಉಸಿರಾಟವೂ ಉಪ್ಪಿನ ಲೆಕ್ಕಾಚಾರವೂ ಒಂದೇ ಅಂಗದ ಮೇಲೆ ಬಿದ್ದಿರುವುದರಿಂದ, ಕಿವಿರಿಗೆ ತೊಂದರೆ ಕೊಡುವ ಯಾವುದೇ ಏರುಪೇರು ಮೀನನ್ನು ಎರಡು ಕಡೆಯಿಂದ ದಣಿಸುತ್ತದೆ.

ಆದ್ದರಿಂದ ಮುಂದೆ ಹೇಳುವ ಯಾವ ಲಕ್ಷಣ ಕಂಡರೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಕಳೆದ ಕೆಲವು ದಿನಗಳಲ್ಲಿ ತೊಟ್ಟಿಯಲ್ಲಿ ಏನು ಬದಲಾಯಿತು? ಹೊಸ ಮೀನು, ಹೊಸ ಬಂಡೆ, ಹೊಸ ಉಪ್ಪಿನ ಚೀಲ, ತೊಳೆದ ಫಿಲ್ಟರ್, ಕೆಲವು ಗಂಟೆ ಹೋದ ಕರೆಂಟ್ ಇವುಗಳಲ್ಲಿ ಯಾವುದಾದರೂ ನೆನಪಿಗೆ ಬಂದರೆ ಅರ್ಧ ಕೆಲಸ ಮುಗಿದಂತೆ.

ತೊಟ್ಟಿಗೆ ಕೈ ಹಾಕುವ ಮುನ್ನ

ಉಪ್ಪುನೀರು ಸಿಹಿನೀರಿಗಿಂತ ಬಹಳ ಚೆನ್ನಾಗಿ ವಿದ್ಯುತ್ತನ್ನು ಹರಿಸುತ್ತದೆ. ನೀರಿನಲ್ಲಿರುವ ಎಲ್ಲ ಉಪಕರಣಗಳ ಪ್ಲಗ್ ತೆಗೆದ ಮೇಲೆಯೇ ಕೈ ಒಳಗೆ ಹೋಗಬೇಕು; ಸ್ವಿಚ್ ಆರಿಸಿದರೆ ಸಾಲದು. ತೊಟ್ಟಿಯ ವಿದ್ಯುತ್ ಸಂಪರ್ಕಕ್ಕೆ ಸೋರಿಕೆ ಕಂಡೊಡನೆ ಕಡಿತಗೊಳಿಸುವ ಬ್ರೇಕರ್ ಇರಲೇಬೇಕು, ಮತ್ತು ಪ್ರತಿ ತಂತಿಯೂ ಪ್ಲಗ್ಗಿಗಿಂತ ಕೆಳಗೆ ಒಮ್ಮೆ ಜೋಲುಬಿದ್ದು ಮೇಲೇರುವಂತಿದ್ದರೆ ತಂತಿಯಗುಂಟ ಇಳಿದ ನೀರು ಸಾಕೆಟ್‌ಗೆ ತಲುಪದೆ ಅಲ್ಲಿಯೇ ತೊಟ್ಟಿಕ್ಕುತ್ತದೆ. ಹೀಟರ್‌ನ ಪ್ಲಗ್ ತೆಗೆದ ಮೇಲೂ ಹದಿನೈದು ಇಪ್ಪತ್ತು ನಿಮಿಷ ಅದನ್ನು ನೀರಿನಲ್ಲಿಯೇ ಬಿಡಬೇಕು, ಇಲ್ಲದಿದ್ದರೆ ಬಿಸಿ ಗಾಜು ಗಾಳಿಗೆ ಬಂದೊಡನೆ ಸೀಳುತ್ತದೆ.

ಕೈಯಲ್ಲಿ ಗಾಯವಿದ್ದರೆ ಉದ್ದ ತೋಳಿನ ಕೈಗವಸು ಅನಿವಾರ್ಯ. ಮೈಕೋಬ್ಯಾಕ್ಟೀರಿಯಂ ಮರೈನಮ್ ಎಂಬ ಬ್ಯಾಕ್ಟೀರಿಯಾ ಗಾಯದ ಮೂಲಕ ಚರ್ಮಕ್ಕೆ ಸೇರಿ, ವಾರಗಳ ನಂತರ ವಾಸಿಯಾಗದ ಗಂಟಾಗಿ ಕಾಣಿಸಿಕೊಳ್ಳಬಹುದು. ವೈದ್ಯರಿಗೆ ತೋರಿಸುವಾಗ ಅಕ್ವೇರಿಯಂ ಇದೆ ಎಂದು ನಾವಾಗಿ ಹೇಳದಿದ್ದರೆ ಅವರಿಗೆ ಅದು ಹೊಳೆಯುವುದು ಕಷ್ಟ. ಲಯನ್‌ಫಿಶ್ ಮತ್ತು ರ‍್ಯಾಬಿಟ್‌ಫಿಶ್‌ಗಳ ಮುಳ್ಳುಗಳಲ್ಲಿ ವಿಷವಿದೆ, ಟ್ಯಾಂಗ್ ಮೀನಿನ ಬಾಲದ ಬುಡದಲ್ಲಿ ಚೂಪಾದ ಅಲಗಿದೆ. ಲಯನ್‌ಫಿಶ್ ಚುಚ್ಚಿದರೆ ಆ ಭಾಗವನ್ನು ಸುಡದಷ್ಟು ಬಿಸಿಯಾದ, ಅಂದರೆ ಸುಮಾರು 45 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಮುಳುಗಿಸಿಕೊಂಡೇ ವೈದ್ಯರ ಬಳಿಗೆ ಹೊರಡಬೇಕು.

ಲಕ್ಷಣ: ಉಸಿರಾಟ ಬಿರುಸಾಗಿದೆ, ಮೀನು ಮೇಲ್ಮೈಯಲ್ಲಿ ಬಾಯಿ ತೆರೆಯುತ್ತಿದೆ

ಇದು ತಡಮಾಡಬಾರದ ಲಕ್ಷಣ. ಎಲ್ಲ ಮೀನುಗಳೂ ಹೀಗೆ ಮಾಡುತ್ತಿವೆಯೇ ಅಥವಾ ಒಂದೇ ಒಂದು ಮೀನೇ ಎಂಬುದನ್ನು ಮೊದಲು ನೋಡಿ. ಎಲ್ಲವೂ ಏದುಸಿರು ಬಿಡುತ್ತಿದ್ದರೆ ದೋಷ ನೀರಿನದು. ಒಂದೇ ಮೀನಾದರೆ ದೋಷ ಬಹುಪಾಲು ಅದರ ಕಿವಿರಿನಲ್ಲಿದೆ.

ಎಲ್ಲ ಮೀನುಗಳಲ್ಲೂ ಕಂಡರೆ ನೀರಿನ ಮೇಲ್ಮೈ ಅಲುಗುತ್ತಿದೆಯೇ ಎಂದು ನೋಡಿ. ಆಮ್ಲಜನಕ ನೀರಿಗೆ ಸೇರುವುದು ಮೇಲ್ಮೈ ಕದಡಿದಾಗ. ಗುಳ್ಳೆಗಳ ಉಪಯೋಗವೂ ಬಹುಮಟ್ಟಿಗೆ ಮೇಲ್ಮೈಯನ್ನು ಕದಡುವುದರಲ್ಲಿಯೇ ಇದೆ. 25 ಡಿಗ್ರಿಯಲ್ಲಿ ಸಿಹಿನೀರು ಲೀಟರಿಗೆ ಸುಮಾರು 8.2 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಂಡರೆ ಸಮುದ್ರದ ನೀರು ಸುಮಾರು 6.7 ಮಿಲಿಗ್ರಾಂ ಮಾತ್ರ ಹಿಡಿದಿಡಬಲ್ಲದು, ಬಿಸಿ ಏರಿದಷ್ಟೂ ಅದು ಇನ್ನೂ ಇಳಿಯುತ್ತದೆ. ಪಂಪ್ ನಿಂತಿದ್ದರೆ, ಅದರ ಬಾಯಿಗೆ ಪಾಚಿ ಸಿಕ್ಕಿಕೊಂಡಿದ್ದರೆ, ನೀರಿನ ಕಲ್ಮಶವನ್ನು ನೊರೆಯಾಗಿ ತೆಗೆಯುವ ಸ್ಕಿಮ್ಮರ್‌ಗೆ ಗಾಳಿ ಎಳೆಯುವ ಕೊಳವೆಯಲ್ಲಿ ಉಪ್ಪು ಗಟ್ಟಿದ್ದರೆ ಇಷ್ಟೇ ಕಾರಣ ಸಾಕು. ಉಷ್ಣಾಂಶ 24ರಿಂದ 27 ಡಿಗ್ರಿಯೊಳಗೆ ಇದೆಯೇ ಎಂದು ಹೀಟರ್ ಮೇಲಿನ ಅಂಕಿಯನ್ನು ನಂಬದೆ ಬೇರೊಂದು ಥರ್ಮಾಮೀಟರ್‌ನಿಂದ ಅಳೆಯಿರಿ. ಹೀಟರ್‌ಗಳು ಕೆಟ್ಟಾಗ ಆರಿಹೋಗುವಂತೆಯೇ ಆರದೆ ಉರಿಯುತ್ತಲೇ ಉಳಿಯುವುದೂ ಉಂಟು, ಎರಡನೆಯದು ಹೆಚ್ಚು ಅಪಾಯದ್ದು.

ಇವೆರಡೂ ಸರಿಯಿದ್ದರೆ, ಮೀನಿನ ತ್ಯಾಜ್ಯದಿಂದ ಮತ್ತು ಕೊಳೆತದಿಂದ ಹುಟ್ಟುವ ಅಮೋನಿಯವನ್ನು ಪರೀಕ್ಷಿಸಿ. ನೆಲೆಗೊಂಡ ತೊಟ್ಟಿಯಲ್ಲಿ ಅದು ಸೊನ್ನೆ ಇರಬೇಕು. ಅಮೋನಿಯದ ವಿಷಕಾರಿ ರೂಪದ ಪಾಲು ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) ಮತ್ತು ಉಷ್ಣಾಂಶ ಏರಿದಂತೆ ಹೆಚ್ಚುತ್ತದೆ. ಉಪ್ಪುನೀರಿನ ಪಿಎಚ್ ಸಹಜವಾಗಿಯೇ 8.0ರಿಂದ 8.4ರ ನಡುವೆ ಇರುವುದರಿಂದ, ತಟಸ್ಥ ಸಿಹಿನೀರಿನಲ್ಲಿ ತಾಳಿಕೊಳ್ಳಬಹುದಾದ ಅಂಕಿ ಇಲ್ಲಿ ಪ್ರಾಣಕ್ಕೆ ಎರವಾಗಬಹುದು. ಅಮೋನಿಯವನ್ನು ಬ್ಯಾಕ್ಟೀರಿಯಾ ಅರಗಿಸಿದಾಗ ಉಂಟಾಗುವ ನೈಟ್ರೈಟ್‌ನ ವಿಷಯ ಇದಕ್ಕೆ ತಿರುಗುಮುರುಗು: ಸಮುದ್ರದ ನೀರಿನ ಕ್ಲೋರೈಡ್, ಕಿವಿರಿನೊಳಗೆ ನೈಟ್ರೈಟ್ ನುಗ್ಗುವುದನ್ನು ಬಹುಮಟ್ಟಿಗೆ ತಡೆಯುತ್ತದೆ. ಅಮೋನಿಯ ಕಂಡರೆ ಆಹಾರ ನಿಲ್ಲಿಸಿ, ಎಲ್ಲಾದರೂ ಸತ್ತ ಮೀನೋ ಬಸವನಹುಳುವೋ ಕೊಳೆಯುತ್ತಿದೆಯೇ ಎಂದು ಹುಡುಕಿ ತೆಗೆದು, ಉಷ್ಣಾಂಶ ಮತ್ತು ಲವಣಾಂಶ ಹೊಂದಿಸಿದ ಹೊಸ ಉಪ್ಪುನೀರಿನಿಂದ ಮೂರನೆಯ ಒಂದು ಭಾಗ ಬದಲಿಸಿ. ಮರುದಿನ ಮತ್ತೆ ಅಳೆದು ಬೇಕಾದರೆ ಪುನರಾವರ್ತಿಸಿ. ತೊಟ್ಟಿ ಹೊಸದಾಗಿದ್ದರೆ ಬೇರೆ ಕಾರಣ ಹುಡುಕಬೇಕಿಲ್ಲ: ಅಮೋನಿಯವನ್ನು ಅರಗಿಸುವ ಬ್ಯಾಕ್ಟೀರಿಯಾ ನೆಲೆಗೊಳ್ಳಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು.

ಅಮೋನಿಯವೂ ಇಲ್ಲ, ಆಮ್ಲಜನಕಕ್ಕೂ ಕೊರತೆಯಿಲ್ಲ ಎಂದಾದರೆ ಹೊರಗಿನ ವಿಷವನ್ನು ಶಂಕಿಸಬೇಕು. ಕೋಣೆಯಲ್ಲಿ ಸಿಂಪಡಿಸಿದ ಕೀಟನಾಶಕ, ಹೊಸ ಬಣ್ಣದ ವಾಸನೆ, ಕೈಗೆ ಹಚ್ಚಿಕೊಂಡ ಕ್ರೀಮ್ ಇವೆಲ್ಲ ತೊಟ್ಟಿಗೆ ಸೇರುತ್ತವೆ. ಗಾಳಿ ಪಂಪ್ ಕೋಣೆಯ ಗಾಳಿಯನ್ನೇ ನೀರಿಗೆ ತುಂಬುತ್ತದೆ ಎಂಬುದು ನೆನಪಿರಲಿ. ಸೊಳ್ಳೆನಾಶಕಗಳಲ್ಲಿ ಬಳಸುವ ಪೈರೆಥ್ರಾಯ್ಡ್‌ಗಳು ಮನುಷ್ಯರಿಗೆ ಅಷ್ಟಾಗಿ ತಟ್ಟದಿದ್ದರೂ ಮೀನಿಗೆ ಮಾರಕ. ಫಿಲ್ಟರ್‌ಗೆ ಹೊಸ ಸಕ್ರಿಯ ಇದ್ದಿಲು ಹಾಕಿ, ಕಿಟಕಿ ತೆರೆದು, ದೊಡ್ಡ ಪ್ರಮಾಣದಲ್ಲಿ ನೀರು ಬದಲಿಸುವುದೇ ಇಲ್ಲಿಯ ಉಪಾಯ.

ಒಂದೇ ಮೀನು ಏದುಸಿರು ಬಿಡುತ್ತ, ಪಂಪ್‌ನ ರಭಸದ ಹರಿವಿಗೆ ಮುಖ ಒಡ್ಡಿ ನಿಂತು, ಬೆಳಕಿಗೆ ಹಿಂಜರಿಯುತ್ತಿದ್ದರೆ ಚುಕ್ಕೆಗಳಿಗಾಗಿ ಕಾಯಬೇಡಿ. ಅದು ಮುಂದೆ ಹೇಳುವ ವೆಲ್ವೆಟ್ ರೋಗದ ಮೊದಲ ಚಹರೆ. ಕಿವಿರು ಮೊದಲು ಹಾಳಾಗಿ, ಮೈಮೇಲೆ ಏನೂ ಕಾಣುವ ಮೊದಲೇ ಮೀನು ಸಾಯುವುದುಂಟು.

ಲಕ್ಷಣ: ತಂದ ದಿನವೇ ಹೊಸ ಮೀನು ಕುಸಿದುಬಿದ್ದಿದೆ

ದೂರದಿಂದ ಚೀಲದಲ್ಲಿ ಬಂದ ಮೀನನ್ನು, ಚೀಲ ಬಿಚ್ಚಿ ಹನಿಹನಿಯಾಗಿ ಎರಡು ಗಂಟೆ ಹೊಸ ನೀರು ಬೆರೆಸುತ್ತ ಹೊಂದಿಸುವುದು ಎಚ್ಚರಿಕೆಯ ಕ್ರಮವೆಂದು ಅನೇಕರು ನಂಬಿದ್ದಾರೆ. ಆದರೆ ಮುಚ್ಚಿದ ಚೀಲದಲ್ಲಿ ಮೀನಿನ ಉಸಿರಿನ ಇಂಗಾಲದ ಡೈಆಕ್ಸೈಡ್ ಸೇರಿ ಪಿಎಚ್ ಇಳಿದಿರುತ್ತದೆ, ಆದ್ದರಿಂದ ಅಲ್ಲಿ ಕೂಡಿದ ಅಮೋನಿಯ ಅಷ್ಟಾಗಿ ಕೆಡುಕು ಮಾಡದ ರೂಪದಲ್ಲಿರುತ್ತದೆ. ಚೀಲ ಬಿಚ್ಚಿದೊಡನೆ ಆ ಅನಿಲ ಹಾರಿಹೋಗಿ ಪಿಎಚ್ ಏರಿ, ಅದೇ ಅಮೋನಿಯ ವಿಷವಾಗಿ ತಿರುಗುತ್ತದೆ. ಮೀನು ಆ ನೀರಿನಲ್ಲಿಯೇ ಕುಳಿತಿರುತ್ತದೆ. ಇಂಥ ಮೀನಿಗೆ ಮುಚ್ಚಿದ ಚೀಲವನ್ನು ತೇಲಿಬಿಟ್ಟು ಉಷ್ಣಾಂಶ ಹೊಂದಿಸಿ, ಚೀಲದ ಲವಣಾಂಶಕ್ಕೆ ಮೊದಲೇ ಸರಿಹೊಂದಿಸಿಟ್ಟ ಪ್ರತ್ಯೇಕ ಕ್ವಾರಂಟೈನ್ ತೊಟ್ಟಿಗೆ ಚೀಲದ ನೀರು ಸೇರಿಸದೆ ಬೇಗ ಬಿಡುವುದೇ ಮೇಲು. ಸ್ವಲ್ಪ ಸಮಯದ ಪ್ರಯಾಣವಾಗಿದ್ದರೆ ನಿಧಾನವಾಗಿ ಹೊಂದಿಸುವುದರಲ್ಲಿ ತಪ್ಪಿಲ್ಲ.

ಇಲ್ಲಿ ಗಾಬರಿಗೆ ಕಾರಣವಲ್ಲದ ಕೆಲವು ನೋಟಗಳನ್ನೂ ಹೇಳಬೇಕು. ಹಲವು ಜಾತಿಯ ರ‍್ಯಾಸ್ ಮೀನುಗಳು ಹೊಸ ತೊಟ್ಟಿಗೆ ಬಂದೊಡನೆ ಮರಳಿನೊಳಗೆ ಹೂತುಕೊಂಡು ದಿನಗಟ್ಟಲೆ ಕಾಣಿಸುವುದಿಲ್ಲ. ಅವುಗಳನ್ನು ಅಗೆದು ತೆಗೆಯುವುದು ಕ್ರೌರ್ಯ. ಟ್ರಿಗರ್ ಮೀನು ಬಂಡೆಯ ಸಂದಿಯಲ್ಲಿ ಓರೆಯಾಗಿ ಮಲಗುತ್ತದೆ. ರಾತ್ರಿ ಬಹಳಷ್ಟು ಮೀನುಗಳ ಬಣ್ಣ ಮಾಸುತ್ತದೆ, ಆದ್ದರಿಂದ ದೀಪ ಹಾಕಿದ ಮರುಕ್ಷಣದಲ್ಲಿ ನೋಡಿ ರೋಗ ನಿರ್ಣಯಿಸಬಾರದು.

ಲಕ್ಷಣ: ಮೈ ಉಜ್ಜಿಕೊಳ್ಳುತ್ತಿದೆ, ಬಿಳಿ ಚುಕ್ಕೆ ಅಥವಾ ಲೋಳೆ ಕಾಣುತ್ತಿದೆ

ದಿನಕ್ಕೆ ಒಂದೆರಡು ಸಲ ಬಂಡೆಗೆ ಮೈ ತಾಗಿಸುವುದು ಸಹಜ. ಅದು ಪದೇಪದೇ ನಡೆದರೆ ಚರ್ಮದಲ್ಲಿ ತುರಿಕೆಯಿದೆ ಎಂದರ್ಥ. ಇಲ್ಲಿಯೂ ಅಮೋನಿಯ ಮತ್ತು ಲವಣಾಂಶಗಳನ್ನು ಮೊದಲು ನೋಡಿ, ಅವು ಸರಿಯಿದ್ದರೆ ಟಾರ್ಚ್ ಹಿಡಿದು ಪಕ್ಕದಿಂದ ಬೆಳಕು ಬೀಳಿಸಿ ಮೈಯನ್ನು ಪರೀಕ್ಷಿಸಿ. ಚುಕ್ಕೆಯ ಗಾತ್ರವೇ ಇಲ್ಲಿ ಮುಖ್ಯ ಸಾಕ್ಷಿ.

ಉಪ್ಪಿನ ಹರಳಿನಷ್ಟು ದೊಡ್ಡದಾದ, ಎಣಿಸಬಹುದಾದ ಬಿಳಿ ಚುಕ್ಕೆಗಳಿದ್ದರೆ ಅದು ಕ್ರಿಪ್ಟೋಕ್ಯಾರಿಯಾನ್ ಇರಿಟಾನ್ಸ್ ಎಂಬ ಏಕಕೋಶ ಪರೋಪಜೀವಿಯಿಂದ ಬರುವ, ಸಾಕುವವರು ಮರೈನ್ ಇಚ್ ಎಂದು ಕರೆಯುವ ರೋಗ. ಜನ ಮೋಸಹೋಗುವುದು ಇಲ್ಲಿಯೇ. ಈ ಜೀವಿ ಮೀನಿನ ಚರ್ಮದಡಿ ಮೂರರಿಂದ ಏಳು ದಿನ ಬೆಳೆದು, ತಾನಾಗಿಯೇ ಉದುರಿ, ಬಂಡೆ ಮತ್ತು ಮರಳಿನ ಮೇಲೆ ಗೂಡು ಕಟ್ಟಿಕೊಳ್ಳುತ್ತದೆ. ಅಲ್ಲಿ ಬಹುಮಟ್ಟಿಗೆ ಕೆಲವು ದಿನಗಳಿಂದ ನಾಲ್ಕು ವಾರಗಳವರೆಗೆ ಇದ್ದು ಒಡೆದು ನೂರಾರು ಮರಿಗಳನ್ನು ಬಿಡುತ್ತದೆ. ಚುಕ್ಕೆಗಳು ಮಾಯವಾದ ದಿನ ಮನೆಯವರೆಲ್ಲ ಔಷಧಿ ಫಲಿಸಿತೆಂದು ಸಂತೋಷಪಡುತ್ತಾರೆ. ವಾರ ಕಳೆದ ಮೇಲೆ ಮೊದಲಿಗಿಂತ ಹೆಚ್ಚು ಚುಕ್ಕೆಗಳು ಬರುತ್ತವೆ. ಔಷಧಿ ಹಾಕದಿದ್ದರೂ ಚುಕ್ಕೆ ಮಾಯವಾಗುತ್ತಿತ್ತು ಎಂಬುದನ್ನು ಅರಿತರೆ, ಒಂದೇ ದಿನದಲ್ಲಿ ಗುಣಪಡಿಸುವ ಭರವಸೆ ಕೊಡುವ ಬಾಟಲಿಗಳ ಖ್ಯಾತಿ ಎಲ್ಲಿಂದ ಬಂತು ಎಂಬುದು ತಿಳಿಯುತ್ತದೆ.

ಹಿಟ್ಟು ಅಥವಾ ಚಿನ್ನದ ಪುಡಿ ಉದುರಿಸಿದಂತೆ ಎಣಿಸಲಾಗದಷ್ಟು ಸಣ್ಣ ಕಣಗಳು ಕಂಡರೆ ಅದು ಅಮೈಲೂಡಿನಿಯಂ ಎಂಬ ಪರೋಪಜೀವಿಯ ರೋಗ, ಅಂದರೆ ವೆಲ್ವೆಟ್. ಇಚ್‌ಗೆ ವಾರಗಳ ಅವಕಾಶವಿದ್ದರೆ ಇದಕ್ಕೆ ಇರುವುದು ದಿನಗಳು, ಕೆಲವೊಮ್ಮೆ ಗಂಟೆಗಳು. ಕ್ಲೌನ್ ಮೀನಿನ ಮೈಮೇಲೆ ಚುಕ್ಕೆಗಳ ಬದಲು ಬಿಳಿಯ ಲೋಳೆ ಪದರಪದರವಾಗಿ ಕಳಚುತ್ತಿದ್ದರೆ ಬ್ರೂಕ್ಲಿನೆಲ್ಲಾ ಎಂಬ ಪರೋಪಜೀವಿ ಎಂದು ಭಾವಿಸಬೇಕು. ಅದೂ ಅಷ್ಟೇ ವೇಗದ್ದು. ರೆಕ್ಕೆಯ ಅಂಚಿನಲ್ಲಿ ಹೂಕೋಸಿನಂತೆ ಗಂಟುಗಳು ಬೆಳೆದು, ಮೀನು ಎಂದಿನಂತೆ ತಿಂದುಂಡು ಇದ್ದರೆ ಅದು ಲಿಂಫೋಸಿಸ್ಟಿಸ್ ಎಂಬ ವೈರಸ್. ಅದಕ್ಕೆ ಔಷಧಿಯಿಲ್ಲ, ಬೇಕಾಗುವುದೂ ಅಪರೂಪ, ಒತ್ತಡ ತಗ್ಗಿದರೆ ತಾನೇ ಉದುರುತ್ತದೆ.

ಮೈಮೇಲೆ ಏನೂ ಕಾಣದೆ ಉಜ್ಜಿಕೊಳ್ಳುವಿಕೆ ಮತ್ತು ಕಣ್ಣು ಮಂಜಾಗಿರುವುದು ಮಾತ್ರ ಇದ್ದರೆ ಚಪ್ಪಟೆ ಹುಳು ಇರಬಹುದು. ಅವು ಪಾರದರ್ಶಕ, ಸಿಹಿನೀರಿನಲ್ಲಿ ಮಾತ್ರ ಬೆಳ್ಳಗಾಗಿ ಉದುರಿ ಕಾಣಿಸುತ್ತವೆ. ಕ್ಲೋರಿನ್ ತೆಗೆದ, ತೊಟ್ಟಿಯಷ್ಟೇ ಬೆಚ್ಚಗಿನ, ಅಡುಗೆ ಸೋಡಾದಿಂದ ಪಿಎಚ್ ಹೊಂದಿಸಿದ, ಗಾಳಿ ಬಿಟ್ಟ ಸಿಹಿನೀರಿನಲ್ಲಿ ಮೀನನ್ನು ಮೂರರಿಂದ ಐದು ನಿಮಿಷ ಇಡುವುದು ಪರೀಕ್ಷೆಯೂ ಹೌದು, ತಾತ್ಕಾಲಿಕ ಉಪಶಮನವೂ ಹೌದು. ಆ ಹೊತ್ತಿನಲ್ಲಿ ಅಲ್ಲಿಂದ ಕದಲಬಾರದು. ಮೀನು ಸಮತೋಲ ತಪ್ಪಿ ಏಳಲಾರದಾದರೆ ತಕ್ಷಣ ಹಿಂದಿರುಗಿಸಬೇಕು. ಆಗಲೇ ಉಸಿರಿಗೆ ಕಷ್ಟಪಡುತ್ತಿರುವ ಮೀನಿಗೆ ಇದನ್ನು ಮಾಡದಿರುವುದು ಲೇಸು.

ಚಿಕಿತ್ಸೆ ಯಾವಾಗಲೂ ಪ್ರತ್ಯೇಕ ಆಸ್ಪತ್ರೆ ತೊಟ್ಟಿಯಲ್ಲಿಯೇ ನಡೆಯಬೇಕು: ಮರಳಿಲ್ಲದ ಬರಿಯ ತಳ, ಅಡಗಲು ಒಂದೆರಡು ಪಿವಿಸಿ ಕೊಳವೆಯ ತುಂಡು, ಮೊದಲೇ ಮುಖ್ಯ ತೊಟ್ಟಿಯಲ್ಲಿಟ್ಟು ಬ್ಯಾಕ್ಟೀರಿಯಾ ಹಿಡಿಸಿದ ಸ್ಪಂಜ್ ಫಿಲ್ಟರ್. ತಾಮ್ರದ ಔಷಧಿ ಇಚ್ ಮತ್ತು ವೆಲ್ವೆಟ್ ಎರಡಕ್ಕೂ ಫಲಿಸುತ್ತದೆ, ಆದರೆ ಅದು ಹವಳ, ಸೀಗಡಿ, ಬಸವನಹುಳುಗಳನ್ನು ಕೊಲ್ಲುತ್ತದೆ ಮತ್ತು ಬಂಡೆ, ಮರಳುಗಳು ಅದನ್ನು ಹೀರಿಕೊಂಡು ಅಳತೆಯನ್ನು ಕೆಡಿಸುತ್ತವೆ. ಸಾದಾ ಅಯಾನಿಕ್ ತಾಮ್ರವಾದರೆ ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ ರೂಢಿಯ ಪ್ರಮಾಣ. ಬೇರೊಂದು ಅಣುವಿಗೆ ಕಟ್ಟಿಹಾಕಿದ ಕೀಲೇಟೆಡ್ ತಾಮ್ರದ ಪ್ರಮಾಣ ಇದಕ್ಕಿಂತ ತೀರ ಬೇರೆಯಾದ್ದರಿಂದ, ಬಾಟಲಿಯ ಮೇಲಿನ ಸೂಚನೆಯನ್ನೂ ಅದಕ್ಕೆ ಹೊಂದುವ ಟೆಸ್ಟ್ ಕಿಟ್ಟನ್ನೂ ಬಿಟ್ಟು ಅಂದಾಜಿಗೆ ಕೈ ಹಾಕಬಾರದು. ಚಿಕಿತ್ಸೆಯ ತೊಟ್ಟಿಯಲ್ಲಿ ಸಕ್ರಿಯ ಇದ್ದಿಲು ಇರಬಾರದು. ಶಾರ್ಕ್ ಮತ್ತು ತೊರಕೆ ಮೀನುಗಳಿಗೆ ತಾಮ್ರ ಹಾಕಲೇಬಾರದು.

ಔಷಧಿಯಿಲ್ಲದ ದಾರಿ ಬೇಕೆಂದರೆ, ಇಚ್‌ಗೆ ಮಾತ್ರ ಹೊಂದುವ ಒಂದು ಕ್ರಮವಿದೆ. ಮೂರು ದಿನಕ್ಕೊಮ್ಮೆ ಮೀನನ್ನು ಪೂರ್ತಿ ಒಣಗಿಸಿ ಹೊಸ ಉಪ್ಪುನೀರು ತುಂಬಿದ ಬೇರೊಂದು ತೊಟ್ಟಿಗೆ ದಾಟಿಸುತ್ತ ಹನ್ನೆರಡು ದಿನಗಳಲ್ಲಿ ನಾಲ್ಕು ಸಲ ಬದಲಿಸಿದರೆ, ಉದುರಿದ ಪರೋಪಜೀವಿಗಳು ಮರಿ ಬಿಡುವ ಮೊದಲೇ ಹಿಂದೆ ಉಳಿಯುತ್ತವೆ. ಶ್ರಮ ಹೆಚ್ಚು, ಆದರೂ ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಪ್ರಾಮಾಣಿಕ ಚಿಕಿತ್ಸೆ. ಈ ನಡುವೆ ಮುಖ್ಯ ತೊಟ್ಟಿ ಮೀನಿಲ್ಲದೆ ಖಾಲಿ ಇರಬೇಕು. ಗೂಡು ಕಟ್ಟಿದ ಹಂತ 72 ದಿನಗಳವರೆಗೂ ಬದುಕಿದ ದಾಖಲೆ ಇರುವುದರಿಂದ 76 ದಿನ ಖಾಲಿ ಬಿಡುವುದು ರೂಢಿಗೆ ಬಂದಿದೆ.

ಫಾರ್ಮಾಲ್ಡಿಹೈಡ್ ದ್ರಾವಣವಾದ ಫಾರ್ಮಾಲಿನ್ ಬಳಸುವ ಸಲಹೆ ಬ್ರೂಕ್ಲಿನೆಲ್ಲಾಕ್ಕೆ ಸಾಮಾನ್ಯ. ಅದು ಕ್ಯಾನ್ಸರ್‌ಕಾರಕ, ಅದರ ಆವಿ ಕಣ್ಣು ಮತ್ತು ಶ್ವಾಸಕೋಶಕ್ಕೆ ಕೆಡುಕು, ನೀರಿನ ಆಮ್ಲಜನಕವನ್ನೂ ಅದು ಕಡಿಮೆ ಮಾಡುತ್ತದೆ. ಪಶುವೈದ್ಯರ ಮಾರ್ಗದರ್ಶನ, ಕೈಗವಸು, ಕನ್ನಡಕ, ಗಾಳಿಯಾಡುವ ಜಾಗ ಇವಿಷ್ಟೂ ಇಲ್ಲದಿದ್ದರೆ ಅದರ ಗೊಡವೆಗೆ ಹೋಗಬಾರದು.

ಲಕ್ಷಣ: ಮೀನು ತಿನ್ನುತ್ತಿಲ್ಲ, ಅಥವಾ ತಿಂದರೂ ಸೊರಗುತ್ತಿದೆ

ಹೊಸ ಮೀನು ಎರಡು ಮೂರು ದಿನ ತಿನ್ನದಿರುವುದು ಆತಂಕದ ಸಂಗತಿಯಲ್ಲ. ದೀಪ ತಗ್ಗಿಸಿ, ಒಣ ಆಹಾರದ ಬದಲು ಜೀವಂತ ಆರ್ಟೀಮಿಯಾ (ಉಪ್ಪುನೀರಿನ ಪುಟ್ಟ ಸೀಗಡಿ) ಅಥವಾ ಮಂಜುಗಟ್ಟಿಸಿದ ಮೈಸಿಸ್ ಸೀಗಡಿ ಕೊಟ್ಟು, ಟ್ಯಾಂಗ್ ಮೀನಾಗಿದ್ದರೆ ಒಣಗಿಸಿದ ಕಡಲಪಾಚಿಯ ಹಾಳೆಯನ್ನು ಗಾಜಿಗೆ ಸಿಕ್ಕಿಸಿ ನೋಡಿ. ಹಳೆಯ ಮೀನು ಏಕಾಏಕಿ ತಿನ್ನುವುದನ್ನು ಬಿಟ್ಟರೆ ಮಾತ್ರ ನೀರನ್ನು ಪರೀಕ್ಷಿಸಿ.

ಮ್ಯಾಂಡರಿನ್ ಮೀನಿನ ಪ್ರಶ್ನೆ ಬೇರೆ. ಅದು ದಿನವಿಡೀ ಬಂಡೆಯ ಮೇಲಿನ, ಸೀಗಡಿಯ ಬಳಗದ ಸೂಕ್ಷ್ಮ ಜೀವಿಗಳಾದ ಕೋಪಿಪಾಡ್‌ಗಳನ್ನು ಹೆಕ್ಕಿ ತಿನ್ನುವ ಜೀವಿ. ಹೊಸ ತೊಟ್ಟಿಯಲ್ಲಿ ಅವು ಇರುವುದಿಲ್ಲ. ಚುರುಕಾಗಿ ಹೆಕ್ಕುತ್ತಿರುವಂತೆ ಕಂಡರೂ ಹೊಟ್ಟೆ ಒಳಸೇರಿ, ತಲೆಯ ಹಿಂದಿನ ಬೆನ್ನು ಕತ್ತಿಯಂತೆ ಚೂಪಾದರೆ ಅದು ಹಸಿವಿನಿಂದ ಸಾಯುತ್ತಿದೆ ಎಂದೇ ಅರ್ಥ. ಇತರ ಮೀನುಗಳು ಚೆನ್ನಾಗಿ ತಿಂದೂ ಸೊರಗಿ, ಬಿಳಿಯ ದಾರದಂಥ ಮಲ ಹಾಕುತ್ತಿದ್ದರೆ ಕರುಳಿನ ಪರೋಪಜೀವಿ ಇರಬಹುದು. ಆದರೆ ತಿನ್ನದ ಮೀನಿನ ಮಲವೂ ಹಾಗೆಯೇ ಇರುತ್ತದಾದ್ದರಿಂದ ಆ ಒಂದೇ ಗುರುತನ್ನು ನಂಬಿ ಔಷಧಿ ಕೊಡಬಾರದು.

ಲಕ್ಷಣ: ರೆಕ್ಕೆ ಹರಿದಿದೆ, ಮೀನು ಮೂಲೆ ಬಿಟ್ಟು ಬರುತ್ತಿಲ್ಲ

ಇದು ಬಹುತೇಕ ಜಗಳದ ಗುರುತು. ಹರಿದ ಅಂಚು ಚೊಕ್ಕವಾಗಿದ್ದರೆ ಕಚ್ಚಿದ್ದು; ಅಂಚು ಬೆಳ್ಳಗಾಗಿ ಅಥವಾ ಕೆಂಪಾಗಿ ದಿನೇದಿನೇ ಒಳಕ್ಕೆ ಸವೆಯುತ್ತಿದ್ದರೆ ಬ್ಯಾಕ್ಟೀರಿಯಾ ಸೇರಿದೆ. ನೀವು ತೊಟ್ಟಿಯ ಮುಂದೆ ನಿಂತಿರುವಾಗ ಎಲ್ಲ ಮೀನುಗಳೂ ಆಹಾರದ ಆಸೆಗೆ ಸಭ್ಯವಾಗಿರುತ್ತವೆ, ಆದ್ದರಿಂದ ಕೋಣೆಯ ಇನ್ನೊಂದು ತುದಿಯಲ್ಲಿ ಅರ್ಧ ಗಂಟೆ ಕುಳಿತು ನೋಡಿ. ಡ್ಯಾಮ್ಸೆಲ್ ಮೀನು, ಒಂದೇ ಆಕಾರದ ಎರಡು ಟ್ಯಾಂಗ್, ಮೊದಲು ಬಂದು ಜಾಗ ಹಿಡಿದ ಮೀನು ಇವು ಸಾಮಾನ್ಯ ಅಪರಾಧಿಗಳು. ಬಂಡೆಗಳನ್ನು ಬೇರೆ ರೀತಿಯಲ್ಲಿ ಜೋಡಿಸಿದರೆ ಗಡಿಗಳು ಅಳಿಸಿಹೋಗಿ ಎಲ್ಲರೂ ಹೊಸಬರಾಗುತ್ತಾರೆ. ಫಲಿಸದಿದ್ದರೆ ಪೆಟ್ಟು ತಿನ್ನುವ ಮೀನಿನ ಬದಲು ಪೆಟ್ಟು ಕೊಡುವುದನ್ನು ರಂಧ್ರಗಳಿರುವ ಪೆಟ್ಟಿಗೆಯಲ್ಲಿ ಕೆಲವು ದಿನ ಬೇರ್ಪಡಿಸಿ. ಬೆನ್ನಟ್ಟಿಸಿಕೊಂಡ ಮೀನು ತೊಟ್ಟಿಯಿಂದ ಹಾರುತ್ತದೆ, ಹಾಗಾಗಿ ಬಲೆಯ ಮುಚ್ಚಳವಿರಲಿ.

ಲಕ್ಷಣ: ಕಣ್ಣು ಉಬ್ಬಿದೆ, ತಲೆಯಲ್ಲಿ ಗುಳಿ ಬಿದ್ದಿದೆ

ಒಂದೇ ಕಣ್ಣು ಉಬ್ಬಿದ್ದರೆ ಬಂಡೆಗೆ ತಾಗಿದ ಪೆಟ್ಟು ಎಂದು ಭಾವಿಸಿ, ನೀರು ಶುದ್ಧವಾಗಿಟ್ಟು ಒಂದೆರಡು ವಾರ ಕಾಯಿರಿ. ಎರಡೂ ಕಣ್ಣು ಉಬ್ಬಿ ಹೊಟ್ಟೆಯೂ ಊದಿದ್ದರೆ ಒಳಗಿನ ಸೋಂಕು. ಅದು ಮನೆಯಲ್ಲಿ ನಿರ್ಣಯಿಸುವ ವಿಷಯವಲ್ಲ. ಟ್ಯಾಂಗ್ ಮತ್ತು ಏಂಜೆಲ್ ಮೀನುಗಳ ತಲೆ ಹಾಗೂ ಮೈಯ ಪಕ್ಕದಲ್ಲಿ ಹಾಯುವ ಪಾರ್ಶ್ವರೇಖೆಯ ಉದ್ದಕ್ಕೂ ಬೀಳುವ ಗುಳಿಗಳಿಗೆ ಪೋಷಣೆಯ ಕೊರತೆಯನ್ನೂ ಸಕ್ರಿಯ ಇದ್ದಿಲಿನ ಪುಡಿಯನ್ನೂ ಕಾರಣವಾಗಿ ಹೇಳುತ್ತಾರೆ. ಆಹಾರದಲ್ಲಿ ಪಾಚಿ ಹೆಚ್ಚಿಸಿ, ಇದ್ದಿಲನ್ನು ಬಳಸುವ ಮುನ್ನ ಚೆನ್ನಾಗಿ ತೊಳೆಯುವುದು ಖರ್ಚಿಲ್ಲದ ಮೊದಲ ಹೆಜ್ಜೆ.

ಲಕ್ಷಣ: ಎಲ್ಲ ಅಂಕಿಗಳೂ ಸರಿಯಿವೆ, ಆದರೂ ಮೀನು ಸುಖವಾಗಿಲ್ಲ

ಆಗ ಅಳೆಯುವ ಸಾಧನವನ್ನೇ ಶಂಕಿಸಬೇಕು. ಮುಳ್ಳು ತೂಗುವ ಹೈಡ್ರೋಮೀಟರ್‌ನ ಮುಳ್ಳಿಗೆ ಒಂದು ಗಾಳಿಗುಳ್ಳೆ ಅಂಟಿದರೂ ಅದು ತೇಲಿ ಹೆಚ್ಚು ಲವಣಾಂಶ ತೋರಿಸುತ್ತದೆ. ನಾನೊಮ್ಮೆ ಇದೇ ಮುಳ್ಳನ್ನು ನಂಬಿ ವಾರಗಟ್ಟಲೆ ತೊಟ್ಟಿಯ ಉಪ್ಪನ್ನು ತಗ್ಗಿಸುತ್ತ ಹೋಗಿ, ಕೊನೆಗೆ ಬೇರೊಬ್ಬರ ಉಪಕರಣದಲ್ಲಿ ಅಳೆದಾಗ ತಲೆ ತಗ್ಗಿಸಬೇಕಾಯಿತು. ಬೆಳಕಿನ ಬಾಗುವಿಕೆಯಿಂದ ಲವಣಾಂಶ ಅಳೆಯುವ ರಿಫ್ರ್ಯಾಕ್ಟೋಮೀಟರ್‌ ಅನ್ನು ಬರಿಯ ಶುದ್ಧ ನೀರಿನಿಂದ ಸೊನ್ನೆಗೆ ಹೊಂದಿಸಿದರೆ ಸಾಲದು. 35 ಪಿಪಿಟಿಯ (ಸಾವಿರದಲ್ಲಿ 35 ಭಾಗ ಉಪ್ಪಿನ) ಮಾನಕ ದ್ರಾವಣದಿಂದಲೂ ನೋಡಬೇಕು. 25 ಡಿಗ್ರಿಯಲ್ಲಿ 35 ಪಿಪಿಟಿ ಎಂದರೆ ಸಾಪೇಕ್ಷ ಸಾಂದ್ರತೆ ಸುಮಾರು 1.026. ಟೆಸ್ಟ್ ಕಿಟ್‌ಗಳ ಅವಧಿ ಮುಗಿದ ದಿನಾಂಕವನ್ನೂ ಓದಿ.

ಅಂಕಿ ಸರಿಯಿದ್ದರೂ ಅದು ದಿನದ ಒಂದು ಹೊತ್ತಿನದು ಮಾತ್ರ. ಬೆಳಗಿನ ಜಾವ ಮತ್ತು ಸಂಜೆ ಎರಡು ಸಲ ಅಳೆದರೆ ಏರುಪೇರು ಬಯಲಾಗುತ್ತದೆ. ನೀರು ಆವಿಯಾದಾಗ ಉಪ್ಪು ತೊಟ್ಟಿಯಲ್ಲಿಯೇ ಉಳಿಯುತ್ತದೆ. ಕಡಿಮೆಯಾದ ಮಟ್ಟವನ್ನು ವಾರಕ್ಕೊಮ್ಮೆ ಉಪ್ಪುನೀರಿನಿಂದ ತುಂಬುವವರ ತೊಟ್ಟಿ ಮೆಲ್ಲಮೆಲ್ಲನೆ ಉಪ್ಪಾಗುತ್ತ ಹೋಗುತ್ತದೆ. ತುಂಬಬೇಕಾದದ್ದು ಆರ್‌ಓ ಸಿಹಿನೀರು, ಅದೂ ದಿನವೂ ಸ್ವಲ್ಪಸ್ವಲ್ಪ. ಲವಣಾಂಶವನ್ನು ಇಳಿಸುವುದಕ್ಕಿಂತ ಏರಿಸುವುದು ಮೀನಿಗೆ ಹೆಚ್ಚು ಕಷ್ಟ, ಆದ್ದರಿಂದ ಏರಿಸುವಾಗ ಹಲವು ದಿನ ತೆಗೆದುಕೊಳ್ಳಿ.

ಪಿಎಚ್ ಸದಾ ಕಡಿಮೆ ತೋರಿದರೆ ರಾಸಾಯನಿಕ ಸುರಿಯುವ ಮೊದಲು ಒಂದು ಲೋಟ ನೀರನ್ನು ಮನೆಯ ಹೊರಗೆ ಒಂದು ಗಂಟೆ ಗಾಳಿ ಪಂಪ್‌ನಿಂದ ಕದಡಿ ಮತ್ತೆ ಅಳೆಯಿರಿ. ಏರಿದ್ದರೆ ದೋಷ ಮುಚ್ಚಿದ ಕೋಣೆಯ ಗಾಳಿಯದು, ಕಿಟಕಿ ತೆರೆಯುವುದೇ ಔಷಧಿ.

ಕೈ ಹಿಂತೆಗೆಯಬೇಕಾದ ಹೊತ್ತು

ಒಂದು ಔಷಧಿ ಫಲಿಸದೆ ಎರಡನೆಯದಕ್ಕೆ ಮನಸ್ಸು ಹೋಯಿತೆಂದರೆ ಅಲ್ಲಿಗೆ ನಿಲ್ಲಿಸಿ. ಒಂದೇ ದಿನದಲ್ಲಿ ಎರಡಕ್ಕಿಂತ ಹೆಚ್ಚು ಮೀನು ಸತ್ತರೆ, ಹೊಟ್ಟೆ ಊದಿ ಹುರುಪೆಗಳು ನಿಮಿರಿ ನಿಂತರೆ, ಮೈಮೇಲೆ ಕೆಂಪು ಹುಣ್ಣು ಹರಡುತ್ತಿದ್ದರೆ ಜಲಚರಗಳನ್ನು ನೋಡುವ ಪಶುವೈದ್ಯರನ್ನು ಸಂಪರ್ಕಿಸಿ. ಆಂಟಿಬಯಾಟಿಕ್‌ಗಳನ್ನು ಅವರ ಚೀಟಿಯಿಲ್ಲದೆ ತೊಟ್ಟಿಗೆ ಹಾಕಬಾರದು, ಅವು ಫಿಲ್ಟರ್‌ನ ಬ್ಯಾಕ್ಟೀರಿಯಾಗಳಿಗೂ ಹಾನಿ ಮಾಡಬಲ್ಲವು. ರೋಗ ಕಳೆಯಲೆಂದು ಲೈವ್ ರಾಕ್, ಅಂದರೆ ಜೀವಿಗಳು ನೆಲೆಸಿದ ಬಂಡೆ, ಕುದಿಸುವ ಯೋಚನೆ ಎಂದಿಗೂ ಬೇಡ. ಅದರ ಮೇಲೆ ಬೆಳೆದ, ಹವಳಕ್ಕೆ ಹತ್ತಿರದ ಜೀವಿಗಳಾದ ಝೋಆಂತಿಡ್‌ಗಳಲ್ಲಿ ಪಾಲಿಟಾಕ್ಸಿನ್ ಎಂಬ ತೀವ್ರ ವಿಷವಿರಬಹುದು, ಹಬೆಯೊಂದಿಗೆ ಅದು ಉಸಿರಿಗೆ ಸೇರಿದರೆ ಮನೆಯವರೆಲ್ಲ ಆಸ್ಪತ್ರೆ ಸೇರಬೇಕಾದೀತು.

ವೈದ್ಯರ ಬಳಿಗೆ ಹೋಗುವಾಗ ಅರ್ಧ ಲೀಟರ್ ತೊಟ್ಟಿಯ ನೀರು, ಕಳೆದ ಹದಿನೈದು ದಿನಗಳ ಅಂಕಿಗಳು, ಹಾಕಿದ ಔಷಧಿಗಳ ಹೆಸರು ಮತ್ತು ಪ್ರಮಾಣ, ಮೀನಿನ ಉಸಿರಾಟದ ಒಂದು ನಿಮಿಷದ ವಿಡಿಯೋ ಇವನ್ನು ಒಯ್ಯಿರಿ. ಆಗತಾನೆ ಸತ್ತ ಮೀನಿದ್ದರೆ ಅದನ್ನು ಫ್ರೀಜರ್‌ನಲ್ಲಿ ಇಡದೆ, ಚೀಲದಲ್ಲಿ ಕಟ್ಟಿ ಮಂಜುಗಡ್ಡೆಯ ಮೇಲಿಟ್ಟು ಅದೇ ದಿನ ಕೊಂಡೊಯ್ಯಿರಿ. ಹೆಪ್ಪುಗಟ್ಟಿದ ಕಿವಿರಿನಲ್ಲಿ ಪರೋಪಜೀವಿಯನ್ನು ಗುರುತಿಸುವುದು ಸೂಕ್ಷ್ಮದರ್ಶಕಕ್ಕೂ ಕಷ್ಟ.